ದೇವರ ಚರ್ಚೆಗೆ ಪೂರ್ವಪಕ್ಷದ ನಿಯಮ ಬೇಕು

ಸಂಪಾದಕರಿಗೆ,

ಮಾನ್ಯರೇ,

ಕೆಲವು ವಾರಗಳಿಂದ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ನಾಸ್ತಿಕರ ಕುರಿತು ನಡೆದಿರುವ ವಾಗ್ವಾದವನ್ನು ಒಂದೂ ಬಿಡದೆ ಓದುತ್ತ ಬಂದಿದ್ದೇನೆ. ನಂಬಿಕೆ ಅವರವರ ಸ್ವಂತ ವಿಷಯ, ನಂಬದವರು ನಂಬದೆ ತಮ್ಮ ಪಾಡಿಗೆ ತಾವಿರಲಿ, ಅದನ್ನು ಸಭೆ ಕರೆದು ಸಾರುವ ಅಗತ್ಯವೇನು ಎಂಬುದು ಒಂದು ಬಣದವರ ಪ್ರಶ್ನೆ. ಇನ್ನೊಂದು ಬಣದವರು, ದೇವರನ್ನು ನಂಬುವವರೆಲ್ಲ ಬುದ್ಧಿಯನ್ನು ಒತ್ತೆಯಿಟ್ಟವರು, ಅವರೊಂದಿಗೆ ಮಾತೇ ವ್ಯರ್ಥ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ನಲವತ್ತು ವರ್ಷಗಳಿಂದ ದೇವರನ್ನು ನಂಬದೆ ಬದುಕುತ್ತಿರುವ ನನಗೆ ಮೊದಲನೆಯ ವಾದ ತಪ್ಪೆಂದು ಕಂಡಿತು. ಎರಡನೆಯದನ್ನು ಓದಿ ನಾಚಿಕೆಯಾಯಿತು, ಏಕೆಂದರೆ ಅದನ್ನು ಬರೆದವರು ನನ್ನ ಕಡೆಯವರು.

ಮೊದಲ ವಾದವನ್ನು ಮೊದಲು ನೋಡೋಣ. ಮನಸ್ಸಿನೊಳಗೆ ಉಳಿದ ನಂಬಿಕೆಯನ್ನು ಯಾರೂ ಚರ್ಚೆಗೆ ಎಳೆಯುವುದಿಲ್ಲ, ಎಳೆಯಲೂ ಬಾರದು. ಆದರೆ ನಂಬಿಕೆ ಮನಸ್ಸಿನೊಳಗೇ ಉಳಿಯುವುದು ಬಹಳ ಅಪರೂಪ. ಅದು ಶಾಸನಸಭೆಗೆ ಬಂದು ಯಾರು ಯಾರನ್ನು ಮದುವೆಯಾಗಬಹುದೆಂದು ಹೇಳುತ್ತದೆ, ಶಾಲೆಗೆ ಬಂದು ಮಕ್ಕಳಿಗೆ ಏನನ್ನು ಕಲಿಸಬಾರದೆಂದು ಹೇಳುತ್ತದೆ, ರೋಗಿಯ ಹಾಸಿಗೆಯ ಬಳಿ ನಿಂತು ವೈದ್ಯನನ್ನು ಕರೆಯಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. ಹಾಗೆ ಹೊರಬಂದು ಇನ್ನೊಬ್ಬರ ಬದುಕಿನ ಮೇಲೆ ಕೈಯಿಟ್ಟ ಕ್ಷಣದಿಂದ, ಬೇರಾವುದೇ ಸಾರ್ವಜನಿಕ ಅಭಿಪ್ರಾಯದಂತೆ ಅದೂ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ತೆರಿಗೆ ನೀತಿಯನ್ನು ಪ್ರಶ್ನಿಸಿದವರಿಗೆ ‘ಅದು ಅರ್ಥಸಚಿವರ ವೈಯಕ್ತಿಕ ಭಾವನೆ, ನೋಯಿಸಬೇಡಿ’ ಎಂದು ಯಾರೂ ಹೇಳುವುದಿಲ್ಲವಲ್ಲ.

ನಂಬದವರು ಸುಮ್ಮನಿದ್ದುಕೊಂಡೇ ತಮ್ಮ ಸ್ಥಾನವನ್ನು ಪಡೆದರು ಎಂದು ತಿಳಿಯುವುದೂ ಇತಿಹಾಸಕ್ಕೆ ವಿರುದ್ಧ. ನಮ್ಮ ಸಂವಿಧಾನದ ಮೂರನೇ ಅನುಸೂಚಿ ಸಚಿವರಿಗೂ ಸಂಸದರಿಗೂ ಎರಡು ಆಯ್ಕೆ ಕೊಡುತ್ತದೆ: ದೇವರ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಬಹುದು, ಇಲ್ಲವೇ ದೇವರನ್ನು ಹೆಸರಿಸದೆ ದೃಢೀಕರಿಸಬಹುದು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವರಿಗೂ 1969ರ ಪ್ರಮಾಣವಚನ ಕಾಯ್ದೆ ಇದೇ ಆಯ್ಕೆಯನ್ನು ನೀಡಿದೆ. ಇಂದು ಸಹಜವೆನಿಸುವ ಈ ‘ಇಲ್ಲವೇ’ ಎಂಬ ಪದದ ಹಿಂದೆ ಜಗಳಗಳ ದೊಡ್ಡ ಚರಿತ್ರೆಯಿದೆ. 1880ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾ ತಾನು ನಾಸ್ತಿಕನೆಂದು ಬಹಿರಂಗವಾಗಿ ಹೇಳಿಕೊಂಡಿದ್ದವರು. ದೇವರ ಹೆಸರಿಲ್ಲದೆ ದೃಢೀಕರಿಸುತ್ತೇನೆಂದಾಗ ಸದನ ಒಪ್ಪಲಿಲ್ಲ. ಹಾಗಾದರೆ ನಿಮ್ಮ ಕ್ರಮದಂತೆಯೇ ಪ್ರಮಾಣ ಮಾಡುತ್ತೇನೆಂದಾಗ, ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಅದಕ್ಕೂ ಬಿಡಲಿಲ್ಲ. ಒಂದು ರಾತ್ರಿ ಅವರನ್ನು ಸಂಸತ್ತಿನ ಗಡಿಯಾರದ ಗೋಪುರದಲ್ಲೇ ಕೂಡಿಹಾಕಿದ್ದರು. ಮತದಾರರು ಮತ್ತೆ ಮತ್ತೆ ಅವರನ್ನೇ ಆರಿಸಿ ಕಳುಹಿಸಿದರೂ ಅವರಿಗೆ ಸದನದಲ್ಲಿ ನೆಮ್ಮದಿಯಿಂದ ಕೂರಲು ಸಾಧ್ಯವಾದದ್ದು 1886ರಲ್ಲಿ. ಎರಡು ವರ್ಷಗಳ ನಂತರ ಅವರ ಪ್ರಯತ್ನದಿಂದಲೇ ದೃಢೀಕರಣದ ಹಕ್ಕು ಅಲ್ಲಿ ಕಾನೂನಾಯಿತು. ಅವರು ತಮ್ಮ ಪಾಡಿಗೆ ತಾವಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ನಮ್ಮಲ್ಲಿಯೇ ನಡೆದ ಇನ್ನೊಂದು ಪ್ರಸಂಗವನ್ನು ಮೊದಲ ಬಣದ ಮಿತ್ರರು ಗಮನಿಸಬೇಕು. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆಯಲ್ಲಿ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯನ್ನು ‘ದೇವರ ಹೆಸರಿನಲ್ಲಿ’ ಎಂಬ ಮಾತಿನಿಂದ ಆರಂಭಿಸಬೇಕೆಂದು ತಿದ್ದುಪಡಿ ಸೂಚಿಸಿದರು. ದೇವರ ವಿಷಯವನ್ನು ಮತಕ್ಕೆ ಹಾಕುವುದು ಬೇಡವೆಂದು ಹಲವರು ಕೇಳಿಕೊಂಡರೂ ಕಾಮತ್ ಪಟ್ಟು ಬಿಡಲಿಲ್ಲ. ಪರವಾಗಿ 41, ವಿರೋಧವಾಗಿ 68 ಮತಗಳು ಬಂದು ತಿದ್ದುಪಡಿ ಬಿದ್ದುಹೋಯಿತು. ಆ 68 ಮಂದಿಯೆಲ್ಲ ನಾಸ್ತಿಕರಾಗಿರಲಿಲ್ಲ. ನಾನೇನೋ ದೇವರನ್ನು ನಂಬುತ್ತೇನೆ, ಆದರೆ ಹೀಗೆ ಬರೆದರೆ ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದಂತಾಗುತ್ತದೆ ಎಂಬ ಅರ್ಥದಲ್ಲಿ ಪಟ್ಟಂ ತಾಣು ಪಿಳ್ಳೆಯವರು ಮಾತನಾಡಿದ್ದರು. ನಂಬದವನ ಪರವಾಗಿ ನಂಬುವವನೇ ಎದ್ದು ನಿಲ್ಲುವ ಈ ದೊಡ್ಡತನದ ಫಲವನ್ನು ನನ್ನಂಥವರು ಇಂದಿಗೂ ಉಣ್ಣುತ್ತಿದ್ದೇವೆ. ಎರಡನೆಯ ಬಣದ ನನ್ನ ಗೆಳೆಯರು ‘ಆಸ್ತಿಕರೊಂದಿಗೆ ಮಾತೇ ವ್ಯರ್ಥ’ ಎಂದು ಬರೆಯುವ ಮುನ್ನ ಆ ದಿನದ ಕಲಾಪವನ್ನು ಒಮ್ಮೆ ಓದಿದ್ದರೆ ಚೆನ್ನಾಗಿತ್ತು.

ಭಾವನೆಗೆ ಧಕ್ಕೆಯಾಗುತ್ತದೆ ಎಂಬ ಆಕ್ಷೇಪದ ಬಗ್ಗೆ ಎರಡು ಮಾತು. ಸಂವಿಧಾನದ 25ನೇ ವಿಧಿ ಮೊದಲು ಹೆಸರಿಸುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು. ಅದು ನಂಬುವವನಿಗೆ ಸೇರಿದಷ್ಟೇ ನಂಬದವನಿಗೂ ಸೇರಿದ್ದು. 1976ರ ತಿದ್ದುಪಡಿಯಿಂದ ಬಂದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಪ್ರವೃತ್ತಿಯನ್ನೂ ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದಿದೆ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಆಗಿರುವುದು, ಧರ್ಮವನ್ನು ಟೀಕಿಸಿದ ಮಾತ್ರಕ್ಕೆ ಅನ್ವಯವಾಗುವುದಿಲ್ಲ. ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧಾರ್ಮಿಕ ಭಾವನೆಗಳನ್ನು ಕೆರಳಿಸಲೆಂದೇ ಮಾಡಿದ ಅವಮಾನವನ್ನು ಮಾತ್ರ ಅದು ಶಿಕ್ಷಿಸುತ್ತದೆಯೆಂದು ಸುಪ್ರೀಂ ಕೋರ್ಟ್ 1957ರಷ್ಟು ಹಿಂದೆಯೇ ಹೇಳಿದೆ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರಿಗೆ ಈ ‘ಮಾತ್ರ’ ಎಂಬುದು ಕಾಣುವುದಿಲ್ಲ ಎನ್ನುವುದು ಬೇರೆ ಮಾತು.

ಇನ್ನು ನನ್ನನ್ನು ಹೆಚ್ಚು ಕಾಡಿದ ಎರಡನೆಯ ಬಣದ ವಾದಕ್ಕೆ ಬರುತ್ತೇನೆ. ಮೇಲೆ ಹೇಳಿದ ಬ್ರಾಡ್ಲಾ 1891ರಲ್ಲಿ ತೀರಿಕೊಂಡರು. ಭಾರತೀಯರ ಹಿತಕ್ಕಾಗಿ ದನಿಯೆತ್ತಿದ್ದ ಅವರ ಶವಸಂಸ್ಕಾರಕ್ಕೆ ಲಂಡನ್ನಿನಲ್ಲಿದ್ದ ಭಾರತೀಯರು ಹೋದರು. ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯವರೂ ಅವರಲ್ಲಿ ಒಬ್ಬರು. ಹಿಂದಿರುಗುವಾಗ ರೈಲ್ವೆ ನಿಲ್ದಾಣದಲ್ಲಿ ಕಂಡದ್ದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗುಂಪಿನಲ್ಲಿದ್ದ ಒಬ್ಬ ನಾಸ್ತಿಕ, ಅಂತ್ಯಕ್ರಿಯೆಗೆ ಬಂದಿದ್ದ ಪಾದ್ರಿಯೊಬ್ಬರನ್ನು ಹಿಡಿದು ನಿಲ್ಲಿಸಿ, ದೇವರಿದ್ದಾನೆಂದು ನಂಬುತ್ತೀರಾ, ಭೂಮಿಯ ಸುತ್ತಳತೆ 28,000 ಮೈಲಿಯೆಂದು ಒಪ್ಪುತ್ತೀರಾ, ಹಾಗಾದರೆ ನಿಮ್ಮ ದೇವರ ಅಳತೆಯೆಷ್ಟು, ಅವನಿರುವುದೆಲ್ಲಿ ಎಂದು ಪೀಡಿಸಿದನಂತೆ. ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ, ನಾವು ಅರಿಯಬೇಕಷ್ಟೆ ಎಂದರು ಪಾದ್ರಿ. ನನ್ನನ್ನು ಮಗುವೆಂದುಕೊಂಡಿರಾ ಎಂದು ಆತ ಸುತ್ತಲಿದ್ದವರತ್ತ ಗೆದ್ದವನ ನೋಟ ಬೀರಿದ. ಪಾದ್ರಿ ವಿನಯದಿಂದ ಮೌನವಾದರು. ನಾಸ್ತಿಕವಾದದ ಬಗ್ಗೆ ತಮಗಿದ್ದ ಅಸಮಾಧಾನ ಈ ಮಾತುಕತೆಯಿಂದ ಇನ್ನಷ್ಟು ಹೆಚ್ಚಿತೆಂದು ಗಾಂಧೀಜಿ ದಾಖಲಿಸಿದ್ದಾರೆ. ಅಂದಹಾಗೆ, ಭೂಮಿಯ ಸುತ್ತಳತೆ ಸುಮಾರು 25,000 ಮೈಲಿ. ಗೆದ್ದೆನೆಂದು ಬೀಗಿದವನ ಲೆಕ್ಕವೇ ಮೂರು ಸಾವಿರ ಮೈಲಿ ತಪ್ಪಿತ್ತು.

ಆ ನಿಲ್ದಾಣದಲ್ಲಿ ಸೋತದ್ದು ಪಾದ್ರಿಯಲ್ಲ. ಬ್ರಾಡ್ಲಾ ವರ್ಷಗಟ್ಟಲೆ ಹೆಣಗಿ ಗಳಿಸಿದ್ದ ಗೌರವದ ಒಂದಂಶವನ್ನು ಅವರ ಅನುಯಾಯಿ, ಅವರ ಶವಸಂಸ್ಕಾರದ ದಿನವೇ, ಒಬ್ಬ ಎಳೆಯ ಕೇಳುಗನ ಮನಸ್ಸಿನಲ್ಲಿ ಕರಗಿಸಿಬಿಟ್ಟ. ಆತನಿಗೆ ಅದು ತಿಳಿದಿರಲಾರದು. ಎದುರಾಳಿಯನ್ನು ಬಾಯಿ ಮುಚ್ಚಿಸಿದವನಿಗೆ ಪಕ್ಕದಲ್ಲಿ ನಿಂತವನ ಮುಖ ಕಾಣುವುದೇ ಇಲ್ಲ.

ಇದೇ ಗಾಂಧೀಜಿಯವರ ಮುಂದೆ ಅರ್ಧ ಶತಮಾನದ ನಂತರ ಇನ್ನೊಬ್ಬ ನಾಸ್ತಿಕ ಬಂದು ಕುಳಿತರು. ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರ ರಾವ್ ಸಸ್ಯಶಾಸ್ತ್ರದ ಉಪನ್ಯಾಸಕರಾಗಿದ್ದು, ತಮ್ಮ ವಿಚಾರಗಳಿಗಾಗಿ ಕೆಲಸ ಕಳೆದುಕೊಂಡು, 1940ರಲ್ಲಿ ಆಂಧ್ರದ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿದವರು. ಅವರ ಮೊದಲ ಪತ್ರಕ್ಕೆ ಗಾಂಧೀಜಿ ಕೊಟ್ಟ ಉತ್ತರದಲ್ಲಿ ಉತ್ಸಾಹವೇನೂ ಇರಲಿಲ್ಲ. ಆದರೆ 1944ರಲ್ಲಿ ಸೇವಾಗ್ರಾಮದಲ್ಲಿ ಭೇಟಿಯಾದಾಗ ಮಾತು ಬೇರೆ ದಾರಿ ಹಿಡಿಯಿತು. ಗೋರಾ ಅಳತೆಯ ಲೆಕ್ಕ ಕೇಳಲಿಲ್ಲ. ಅಸ್ಪೃಶ್ಯತೆಯ ವಿರುದ್ಧ ಹಳ್ಳಿಗಳಲ್ಲಿ ತಾವು ಮಾಡುತ್ತಿದ್ದ ಕೆಲಸಕ್ಕೆ ನಾಸ್ತಿಕತೆ ಏಕೆ ನೆರವಾಗುತ್ತದೆ, ಹಣೆಬರಹವೆಂದು ಒಪ್ಪಿಕೊಂಡವನು ತನ್ನ ಕಾಲ ಮೇಲೆ ತಾನು ಏಕೆ ನಿಲ್ಲಲಾರ ಎಂಬುದನ್ನು ವಿವರಿಸಿದರು. ತನ್ನ ಆಸ್ತಿಕತೆಯೇ ಸರಿ, ನಿಮ್ಮ ನಾಸ್ತಿಕತೆ ತಪ್ಪು ಎಂದು ಹೇಳಲಾರೆ ಎಂಬಲ್ಲಿಗೆ ಗಾಂಧೀಜಿ ಬಂದರು. ಗೋರಾ ಅವರ ಮಗಳಿಗೂ ದಲಿತ ಯುವಕನಿಗೂ ನಿಶ್ಚಯವಾಗಿದ್ದ ಮದುವೆಯನ್ನು ಆಶ್ರಮದಲ್ಲೇ ನಡೆಸಲು, ಅದರಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರನ್ನು ಹೇಳಲು ಅವರು ಒಪ್ಪಿದ್ದರೆಂದು ಗೋರಾ ಬರೆದಿದ್ದಾರೆ. 1948ರ ಮಾರ್ಚಿನಲ್ಲಿ ಆ ಮದುವೆ ನಡೆಯುವ ವೇಳೆಗೆ ಗಾಂಧೀಜಿ ಇರಲಿಲ್ಲ. ಇಬ್ಬರೂ ತಮ್ಮ ನಿಲುವನ್ನು ಬಿಟ್ಟುಕೊಡದೆಯೂ ಇಷ್ಟು ದೂರ ಒಟ್ಟಿಗೆ ನಡೆಯಲು ಸಾಧ್ಯವಾಯಿತು ಎಂಬುದನ್ನು ನಾನು ಪದೇ ಪದೇ ನೆನೆಯುತ್ತೇನೆ.

ನಿಲ್ದಾಣದ ಆ ನಾಸ್ತಿಕನನ್ನು ಬೈಯುವ ಅಧಿಕಾರ ನನಗೂ ಪೂರ್ತಿಯಾಗಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಗುವನ್ನು ಕಳೆದುಕೊಂಡ ಸಹೋದ್ಯೋಗಿಯೊಬ್ಬರನ್ನು ನೋಡಲು ಹೋಗಿದ್ದೆ. ‘ದೇವರು ತನ್ನ ಬಳಿಗೆ ಕರೆಸಿಕೊಂಡ’ ಎಂದು ಅವರು ಹೇಳಿದಾಗ, ಕರುಣಾಮಯಿಯಾದವನು ಹಾಗೇಕೆ ಮಾಡಿದ ಎಂದು ಕೇಳಿಬಿಟ್ಟೆ. ನನ್ನ ಪ್ರಶ್ನೆ ತರ್ಕಬದ್ಧವಾಗಿತ್ತು. ತತ್ತ್ವಶಾಸ್ತ್ರದಲ್ಲಿ ಸಾವಿರಾರು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಯೇ ಅದು. ಅವರು ಏನೂ ಹೇಳದೆ ಒಳಗೆ ಎದ್ದುಹೋದರು. ಅವರ ಮಾತು ಜಗತ್ತಿನ ಬಗ್ಗೆ ಮಂಡಿಸಿದ ಪ್ರತಿಪಾದನೆಯಾಗಿರಲಿಲ್ಲ, ಆ ಹೊತ್ತನ್ನು ದಾಟಲು ಹಿಡಿದುಕೊಂಡ ಆಸರೆಯಾಗಿತ್ತು ಎಂಬುದು ನನಗೆ ಹೊಳೆದದ್ದು ತುಂಬ ತಡವಾಗಿ.

ಹೀಗೆಂದರೆ ಎಲ್ಲ ನಂಬಿಕೆಯನ್ನೂ ಆಸರೆಯೆಂದು ಬಗೆದು ಕೈಮುಗಿಯಬೇಕೆಂದಲ್ಲ. ಜಗತ್ತನ್ನು ನಡೆಸುವ ಒಂದು ಚೈತನ್ಯವಿದೆ ಎನ್ನುವುದು ಒಂದು ಬಗೆಯ ಮಾತು. ನನ್ನ ಮಂತ್ರದಿಂದ ನಿನ್ನ ರೋಗ ವಾಸಿಯಾಗುತ್ತದೆ, ಔಷಧಿ ನಿಲ್ಲಿಸು ಎನ್ನುವುದು ಇನ್ನೊಂದು ಬಗೆಯದು. ಮೊದಲನೆಯದನ್ನು ಪರೀಕ್ಷಿಸುವ ಉಪಾಯವಿಲ್ಲ, ಅಲ್ಲಿ ತರ್ಕವಷ್ಟೇ ಇದೆ. ಎರಡನೆಯದನ್ನು ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ರುಜುವಾತಿನ ಹೊಣೆಯೂ ಹಾಗೆ ಹೇಳುವವನದೇ. ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್, ಮೋಸಕ್ಕೆ ಎಡೆಯಿಲ್ಲದ ಸ್ಥಿತಿಯಲ್ಲಿ ಪವಾಡ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆಂದು ಸವಾಲು ಹಾಕಿ, 1978ರಲ್ಲಿ ತಾವು ಸಾಯುವವರೆಗೂ ಯಾರಿಗೂ ಆ ಹಣ ಕೊಡಬೇಕಾಗಿ ಬರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ವೈಜ್ಞಾನಿಕ ತನಿಖೆಗೆ ಸಮಿತಿ ರಚಿಸಿದಾಗ ಮಾಡಿದ್ದೂ ಇಷ್ಟೇ: ಪವಾಡ ಮಾಡುವವರನ್ನು ಹೀಗಳೆಯದೆ, ನೀವು ಹೇಳುವುದನ್ನು ನಮ್ಮೆದುರು ಮಾಡಿ ತೋರಿಸಿ ಎಂದು ಪತ್ರ ಬರೆದು ಕೇಳಿದ್ದು. ಬಂದ ಮೌನವೇ ಓದುಗರಿಗೆ ಬೇಕಾದಷ್ಟನ್ನು ಹೇಳಿತು. ಗಾಂಧಿವಾದಿಯೂ ಭೌತಶಾಸ್ತ್ರದ ಅಧ್ಯಾಪಕರೂ ಆಗಿದ್ದ ಅವರ ಆ ವಿಧಾನವನ್ನು ನಮ್ಮ ಇಂದಿನ ವಿಚಾರವಾದಿ ಗೆಳೆಯರು ಮರೆತಂತಿದೆ.

ಒಂದೇ ಧರ್ಮವನ್ನು ಏಕೆ ಟೀಕಿಸುತ್ತೀರಿ ಎಂಬ ಪ್ರಶ್ನೆಯೂ ನಿಮ್ಮ ಅಂಕಣದಲ್ಲಿ ಬಂದಿದೆ. ಅದು ಬಹಳ ಸಲ ಉತ್ತರ ತಪ್ಪಿಸಿಕೊಳ್ಳಲು ಕೇಳುವ ಪ್ರಶ್ನೆಯಾದರೂ ಅದರಲ್ಲಿ ಹುರುಳಿಲ್ಲದಿಲ್ಲ. ತಾನು ಹುಟ್ಟಿ ಬೆಳೆದ ಧರ್ಮವನ್ನು ಒಳಗಿನಿಂದ ಬಲ್ಲವನು ಅದನ್ನೇ ಮೊದಲು ಪ್ರಶ್ನಿಸುವುದು ಸಹಜ. ಆದರೆ ಅದೇ ಅಳತೆಗೋಲನ್ನು ಬೇರೆಯದಕ್ಕೆ ಹಿಡಿಯುವ ಸಂದರ್ಭ ಬಂದಾಗ ಕೈ ಹಿಂದೆಗೆದರೆ ಅವನ ಮಾತಿಗೆ ಬೆಲೆ ಉಳಿಯುವುದಿಲ್ಲ.

ಸೌಜನ್ಯದ ಮಾತನ್ನು ಆಡುತ್ತಿರುವ ನಾನು ಎರಡೂ ಕಡೆಯ ತಪ್ಪನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ತಮ್ಮ ಹೋರಾಟ ದೇವರ ವಿರುದ್ಧವಲ್ಲ, ಶೋಷಣೆಗೆ ಸಾಧನವಾಗುವ ಮೂಢನಂಬಿಕೆಯ ವಿರುದ್ಧ ಎಂದು ಆ ವೈದ್ಯರು ಸದಾ ಹೇಳುತ್ತಿದ್ದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲೇ ಹತರಾದರು. ಅವರಂತೂ ಶಾಸನಗಳಲ್ಲಿ, ವಚನಗಳಲ್ಲಿ ಆಯುಷ್ಯ ಕಳೆದ ಸಂಶೋಧಕರು. ಅದೇ ವರ್ಷದ ಫೆಬ್ರುವರಿಯಲ್ಲಿ ಢಾಕಾದಲ್ಲಿ ನಾಸ್ತಿಕ ಬರಹಗಾರ ಅವಿಜಿತ್ ರಾಯ್ ಅವರನ್ನು ಪುಸ್ತಕ ಮೇಳದಿಂದ ಮರಳುವಾಗ ಕಡಿದು ಹಾಕಿದರು. ಒರಟು ಮಾತಾಡಿದ ನಾಸ್ತಿಕನಿಗೂ ಪಿಸ್ತೂಲು ಹಿಡಿದವನಿಗೂ ಹೋಲಿಕೆಯೇ ಇಲ್ಲ, ಮತ್ತು ಮೆತ್ತಗೆ ಮಾತಾಡಿದ್ದರೆ ಇವರು ಉಳಿಯುತ್ತಿದ್ದರು ಎಂದು ಯಾರಾದರೂ ಹೇಳಿದರೆ ಅದು ಸತ್ತವರಿಗೆ ಮಾಡುವ ಎರಡನೆಯ ಅನ್ಯಾಯ. ನಾನು ಸೌಜನ್ಯವನ್ನು ಕೇಳುತ್ತಿರುವುದು ಕೊಲೆಗಾರನ ಸಲುವಾಗಿ ಅಲ್ಲ, ಆ ರೈಲ್ವೆ ನಿಲ್ದಾಣದಲ್ಲಿ ಸುಮ್ಮನೆ ನಿಂತು ಕೇಳುತ್ತಿದ್ದ ಯುವಕನ ಸಲುವಾಗಿ.

ನಮ್ಮ ಪರಂಪರೆಗೆ ಇಂಥ ಚರ್ಚೆ ಹೊಸತೂ ಅಲ್ಲ. ನಾಸ್ತಿಕ ಎಂಬ ಪದವನ್ನೇ ತೆಗೆದುಕೊಳ್ಳಿ. ಅದು ಮೂಲದಲ್ಲಿ ದೇವರನ್ನು ಅಲ್ಲಗಳೆಯುವವನಿಗೆ ಇಟ್ಟ ಹೆಸರಲ್ಲ. ಪರಲೋಕವಿಲ್ಲವೆನ್ನುವವನು, ವೇದವನ್ನು ಪ್ರಮಾಣವೆಂದು ಒಪ್ಪದವನು ಎಂಬ ಅರ್ಥಗಳಲ್ಲಿ ಬಳಕೆಯಾಯಿತು. ಆ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರ ಪಟ್ಟಿಗೆ ಸೇರಿದರೆ, ಸೃಷ್ಟಿಕರ್ತನಾದ ಈಶ್ವರನ ಅಗತ್ಯವನ್ನೇ ಕಾಣದ ಮೀಮಾಂಸಕರು ಆಸ್ತಿಕರ ಸಾಲಿನಲ್ಲಿ ಕುಳಿತರು. ಜಗತ್ತನ್ನು ಯಾವ ದೇವರೂ ಸೃಷ್ಟಿಸಲಿಲ್ಲವೆಂದು ನಂಬಿದ್ದ ಜೈನಧರ್ಮಕ್ಕೆ ಸೇರಿದ ಪಂಪ, ಪೊನ್ನ, ರನ್ನರನ್ನೇ ನಾವು ಕನ್ನಡದ ರತ್ನತ್ರಯರೆಂದು ಕರೆಯುತ್ತೇವೆ. ನಾಸ್ತಿಕತೆ ಹೊರಗಿನಿಂದ ಬಂದ ಸರಕು ಎಂದು ಬರೆದ ಓದುಗರು ಇದನ್ನು ಸ್ವಲ್ಪ ಯೋಚಿಸಬೇಕು.

ಅದಕ್ಕಿಂತ ಮುಖ್ಯವಾದದ್ದು, ವಾದ ಮಾಡುವ ಬಗೆಯನ್ನು ಕುರಿತು ನಮ್ಮವರು ಮಾಡಿಟ್ಟ ವಿಂಗಡಣೆ. ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ ನ್ಯಾಯಸೂತ್ರಗಳು ಮಾತಿನ ಹೋರಾಟವನ್ನು ಮೂರಾಗಿ ವಿಭಾಗಿಸುತ್ತವೆ. ಸತ್ಯವನ್ನು ತಿಳಿಯಲು ಪ್ರಮಾಣ ಮತ್ತು ತರ್ಕದಿಂದ ನಡೆಸುವುದು ವಾದ. ಗೆಲುವೊಂದನ್ನೇ ಗುರಿಯಾಗಿಟ್ಟು, ಮಾತಿನ ಅರ್ಥವನ್ನು ತಿರುಚಿಯಾದರೂ ಸರಿ ಎದುರಾಳಿಯನ್ನು ಬೀಳಿಸುವುದು ಜಲ್ಪ. ತನ್ನದೆಂಬ ಯಾವ ನಿಲುವನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದೇ ಕೆಲಸವಾದರೆ ಅದು ವಿತಂಡ. ಮೂರನೆಯ ಪದ ಮಾತ್ರ ನಮ್ಮ ದಿನಬಳಕೆಯಲ್ಲಿ ಬೈಗುಳವಾಗಿ ಉಳಿದುಕೊಂಡಿರುವುದು ಆಕಸ್ಮಿಕವೇನಲ್ಲವೆಂದು ತೋರುತ್ತದೆ. ವಾದಕ್ಕೆ ಇಳಿಯುವವನು ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ನಿಲುವನ್ನು, ಅದರ ಪೂರ್ಣ ಬಲದೊಡನೆ ಮಂಡಿಸಿ ನಂತರವೇ ಖಂಡನೆಗೆ ತೊಡಗಬೇಕೆಂಬುದು ರೂಢಿಯಾಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿದ್ದ ವೇದಾಂತಿ ಮಾಧವರು ರಚಿಸಿದ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯವೇ ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕ ದರ್ಶನ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ನಷ್ಟವಾಗಿ ಹೋದ ಮೇಲೆ, ಅವರು ಏನು ಹೇಳುತ್ತಿದ್ದರೆಂದು ನಮಗೆ ತಿಳಿಯುವುದು ಹೆಚ್ಚಾಗಿ ಅವರನ್ನು ಖಂಡಿಸಲು ಹೊರಟವರ ಬರಹಗಳಿಂದ. ನಾಸ್ತಿಕನ ಮಾತನ್ನು ಕಾಪಾಡಿ ಕೊಟ್ಟವನು ಆಸ್ತಿಕ ಎನ್ನುವ ಈ ವಿಚಿತ್ರ ಋಣವನ್ನು ನನ್ನ ಬಣದವರು ಒಪ್ಪಿಕೊಳ್ಳಬೇಕು. ಆ ಬರಹಗಳಲ್ಲಿ ಚಾರ್ವಾಕ ಕೆಲವೊಮ್ಮೆ ಬರೀ ಭೋಗಲೋಲುಪನಾಗಿ ಕುಗ್ಗಿದ್ದಾನೆ ಎಂಬುದನ್ನು ಎದುರು ಬಣದವರೂ ಒಪ್ಪಿಕೊಳ್ಳಬೇಕು.

ಇಂದು ಧರ್ಮದ ಬಗ್ಗೆ ಟಿವಿಯಲ್ಲಿ ನಡೆಯುವುದು ಬಹುತೇಕ ಜಲ್ಪ. ಅರ್ಧ ಗಂಟೆಯೊಳಗೆ ಆರು ಜನರನ್ನು ಕೂರಿಸಿ, ಜಾಹೀರಾತಿನ ವಿರಾಮಕ್ಕೆ ಮುಂಚೆ ದೇವರು ಇದ್ದಾನೋ ಇಲ್ಲವೋ ತೀರ್ಮಾನಿಸಿ ಎಂದರೆ ಅದರಿಂದ ಹುಟ್ಟುವುದು ಗದ್ದಲವೇ. ಅಲ್ಲಿಗೆ ಕರೆಸಿಕೊಳ್ಳುವ ನಾಸ್ತಿಕರೂ ಗದ್ದಲಕ್ಕೆ ಒದಗುವವರೇ ಆಗಿರುತ್ತಾರೆ; ನಿಧಾನವಾಗಿ ಯೋಚಿಸಿ ಮಾತಾಡುವವರನ್ನು ಎರಡನೆಯ ಸಲ ಕರೆಯುವುದಿಲ್ಲ. ಪತ್ರಿಕೆಯಾದರೋ ಇದಕ್ಕಿಂತ ಉತ್ತಮವಾದ ಜಾಗ. ಬರೆಯುವವನಿಗೆ ಒಂದು ರಾತ್ರಿ ಯೋಚಿಸಲು ಸಮಯವಿರುತ್ತದೆ, ಓದುವವನಿಗೆ ಹಿಂದಿನ ವಾಕ್ಯಕ್ಕೆ ಮರಳುವ ಅವಕಾಶವಿರುತ್ತದೆ, ಮತ್ತು ಯಾರ ಗಂಟಲು ದೊಡ್ಡದೆಂಬುದು ಅಚ್ಚಿನಲ್ಲಿ ಕಾಣುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ಈ ವಾಗ್ವಾದವನ್ನು ‘ಚರ್ಚೆ ಇಲ್ಲಿಗೆ ಮುಕ್ತಾಯ’ ಎಂದು ನಿಲ್ಲಿಸುವ ಬದಲು ಕೆಲವು ತಿಂಗಳ ಮಟ್ಟಿಗೆ ಪೂರ್ವಪಕ್ಷದ ನಿಯಮಕ್ಕೆ ಒಳಪಡಿಸಿ ಮುಂದುವರಿಸಿ. ಆಸ್ತಿಕರೇ ಇರಲಿ, ನಾಸ್ತಿಕರೇ ಇರಲಿ, ಬರೆಯುವವರು ಪತ್ರದ ಮೊದಲ ಅರ್ಧದಲ್ಲಿ ಎದುರು ಪಕ್ಷದ ನಿಲುವನ್ನು ಬರೆಯಲಿ. ಅದು ನ್ಯಾಯವಾಗಿದೆಯೆಂದು ಆ ಪಕ್ಷದವರೊಬ್ಬರು ಒಪ್ಪಿದ ಮೇಲಷ್ಟೇ ಉಳಿದರ್ಧ, ಅಂದರೆ ಖಂಡನೆ, ಅಚ್ಚಾಗಲಿ. ಪತ್ರಗಳ ಸಂಖ್ಯೆ ಕಡಿಮೆಯಾಗಬಹುದು, ಕೆಲವರು ಮೊದಲರ್ಧವನ್ನು ಬರೆಯುತ್ತಿರುವಾಗಲೇ ಎರಡನೆಯದನ್ನು ಕೈಬಿಡಲೂಬಹುದು. ತಾವು ಒಪ್ಪುವುದಾದರೆ ಮೊದಲ ಪತ್ರವನ್ನು ನಾನೇ ಬರೆಯುತ್ತೇನೆ: ವಿವೇಕಿಯಾದ ಮನುಷ್ಯನೊಬ್ಬ ದೇವರನ್ನು ನಂಬಲು ಏನೇನು ಕಾರಣಗಳಿವೆ ಎಂಬುದನ್ನು ನನ್ನಿಂದಾದಷ್ಟು ಬಲವಾಗಿ ಬರೆದು ಮುಂದಿನ ವಾರದೊಳಗೆ ಕಳುಹಿಸುತ್ತೇನೆ. ಅದು ಸರಿಯಾಗಿದೆಯೇ ಎಂದು ನೋಡಿ ಹೇಳುವ ಕೆಲಸವನ್ನು, ನಂಬದವರು ತಮ್ಮ ಪಾಡಿಗೆ ತಾವಿರಲಿ ಎಂದು ಬರೆದಿದ್ದ ಆ ಓದುಗರಿಗೇ ಒಪ್ಪಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ